ಕುಳಿತಲ್ಲಿ ಕೂರಲಾರದ ಸಂಕಟ

"ಕುಳಿತು ಕಾಲು ಅಲ್ಲಾಡಿಸಬೇಡ, ಮನೆಗೆ ದರಿದ್ರ" ಎಂಬ ಗದರಿಕೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ನಾಡಿನಲ್ಲಿ ವಿರಳ. ಪಾಠಶಾಲೆಗೆ ಬಂದ ಮೇಲೆ ಈ ಗದರಿಕೆಯ ಭಾಷೆ ಬದಲಾಗುತ್ತದೆಯೇ ಹೊರತು ಭಾವ ಬದಲಾಗುವುದಿಲ್ಲ. ಒಂದೆಡೆ ನೆಟ್ಟಗೆ ಕೂರಲಾರದ ಹುಡುಗನಿಗೆ ಏಕಾಗ್ರತೆ ಇಲ್ಲವೆನ್ನುತ್ತೇವೆ. ಕಾಲಿಗೆ ಚಕ್ರ ಕಟ್ಟಿಕೊಂಡವನು, ಕಾಲು ಸುಟ್ಟ ಬೆಕ್ಕು ಎಂದು ಹೆಸರಿಡುತ್ತೇವೆ. ಅಲುಗದೆ ಕುಳಿತವನು ಸಂಯಮಿ, ಚಡಪಡಿಸುವವನು ಚಂಚಲಚಿತ್ತ: ಇದು ನಾವೆಲ್ಲರೂ ವಿಚಾರಣೆಯಿಲ್ಲದೆ ಒಪ್ಪಿಕೊಂಡಿರುವ ತೀರ್ಪು. ಈ ತೀರ್ಪಿನ ಬಗ್ಗೆ ನಮ್ಮದೊಂದು ತಕರಾರಿದೆ.

ಭೌತಶಾಸ್ತ್ರವನ್ನು ಬೋಧಿಸುವ ನಾವು ಮಿದುಳಿನ ವಿಚಾರಕ್ಕೆ ಕೈಹಾಕುವುದು ಪರರ ಹೊಲಕ್ಕೆ ನುಗ್ಗಿದಂತೆ ಎಂದು ವಾಚಕರಿಗೆ ತೋರಬಹುದು. ಆ ಹೊಲಕ್ಕೆ ನಮ್ಮನ್ನು ಎಳೆದುದು ಕುತೂಹಲವಲ್ಲ, ಮನೆಯ ಕಷ್ಟ. ನಮ್ಮ ಸೋದರಮಾವನವರು ಸ್ವಭಾವದಿಂದ ಸಾವಧಾನದ ಮನುಷ್ಯರು. ಬೆಳಗ್ಗೆ ಜಗಲಿಯಲ್ಲಿ ಕುಳಿತರೆಂದರೆ ವೃತ್ತಪತ್ರಿಕೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಐವತ್ತರ ಸುಮಾರಿಗೆ ಅವರಿಗೆ ಇಲ್ಲದ ಧ್ವನಿಗಳು ಕೇಳಿಸತೊಡಗಿದುವು. ವೈದ್ಯರಲ್ಲಿಗೆ ಕರೆದೊಯ್ದೆವು, ಮಾತ್ರೆ ಕೊಟ್ಟರು. ಎರಡು ಮೂರು ವಾರಗಳಲ್ಲಿ ಧ್ವನಿಗಳೇನೋ ಕ್ಷೀಣಿಸಿದುವು. ಆದರೆ ಅವರು ನಡುಮನೆಯಿಂದ ಹಿತ್ತಿಲಿಗೂ ಹಿತ್ತಿಲಿನಿಂದ ನಡುಮನೆಗೂ ನಡೆಯಲಾರಂಭಿಸಿದರು. ಊಟದ ತಟ್ಟೆಯ ಮುಂದೆ ಐದು ನಿಮಿಷ ಕೂರಲಾರರು. ನಿಂತರೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಲ್ಲುವರು. ಏಕೆ ಹೀಗೆ ಎಂದು ಕೇಳಿದರೆ, "ಒಳಗಿನಿಂದ ದೂಡಿದ ಹಾಗೆ ಆಗುತ್ತದೆಯಪ್ಪ, ತಡೆಯಲಾಗುವುದಿಲ್ಲ" ಎನ್ನುವರು.

ನಾವು ಏನು ತಿಳಿದೆವು? ಮೊದಲು ಧ್ವನಿ ಮಾತನಾಡುತ್ತಿತ್ತು, ಈಗ ಅದೇ ಧ್ವನಿ ದೂಡುತ್ತಿದೆ ಎಂದು ತಿಳಿದೆವು. ರೋಗ ಹೆಚ್ಚಾಗಿದೆಯೆಂದು ವೈದ್ಯರಿಗೆ ವರದಿ ಒಪ್ಪಿಸಿದೆವು. ಅವರು ನಮ್ಮ ಮಾತನ್ನು ನಂಬಿ ಮಾತ್ರೆಯ ಪ್ರಮಾಣವನ್ನು ಏರಿಸಿದರು. ನಡಿಗೆಯೂ ಏರಿತು, ರಾತ್ರಿಯ ನಿದ್ದೆಯೂ ಹೋಯಿತು. ಒಬ್ಬ ಮನುಷ್ಯ ತನ್ನ ದೇಹದಲ್ಲಿ ಆಗುತ್ತಿರುವುದನ್ನು ಅಕ್ಷರಶಃ ಸರಿಯಾಗಿ ವರ್ಣಿಸಿದಾಗ ಮನೆಮಂದಿಯೆಲ್ಲ ಸೇರಿ ಅದನ್ನು ಭ್ರಮೆಯೆಂದು ತೀರ್ಮಾನಿಸಿದ್ದೆವು. ಆಮೇಲೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಈ ಅವಸ್ಥೆಗೆ ಅಕಥೀಸಿಯ ಎಂದು ಹೆಸರು. ಗ್ರೀಕ್ ಮೂಲದಲ್ಲಿ ಇದರ ಅರ್ಥ ‘ಕೂರಲಾಗದಿರುವುದು’ ಎಂದು. 1901ರಲ್ಲಿ ಪ್ರಾಗ್ ನಗರದ ನರವೈದ್ಯ ಲಾಡಿಸ್ಲಾವ್ ಹಾಶ್ಕೊವೆಟ್ಸ್ ಇಂತಹ ಇಬ್ಬರು ರೋಗಿಗಳನ್ನು ವರ್ಣಿಸಿ ಈ ಹೆಸರನ್ನು ಟಂಕಿಸಿದನು. ಅವರು ಯಾವ ಮನೋರೋಗದ ಮಾತ್ರೆಯನ್ನೂ ನುಂಗಿದವರಲ್ಲ, ಏಕೆಂದರೆ ಅಂತಹ ಮಾತ್ರೆ ಆಗ ಲೋಕದಲ್ಲಿಯೇ ಇರಲಿಲ್ಲ. ಹಾಶ್ಕೊವೆಟ್ಸ್ ಅವರ ಸಂಕಟವನ್ನು ಹಿಸ್ಟೀರಿಯ ಮತ್ತು ನರದೌರ್ಬಲ್ಯಗಳ ಲೆಕ್ಕಕ್ಕೆ ಬರೆದನು. ಕಂಡುದನ್ನು ನಿಖರವಾಗಿ ಬರೆದಿಟ್ಟವನು ಕಾರಣವನ್ನು ಹೇಳುವಾಗ ಮಾತ್ರ ಆ ಕಾಲದ ರೂಢಿಯ ಮಾತಿಗೆ ಶರಣಾದನು. ಮುಂದೆ 1917ರಲ್ಲಿ ವಿಯೆನ್ನಾದ ಫಾನ್ ಇಕಾನಮೊ ವರ್ಣಿಸಿದ ನಿದ್ರಾರೂಪದ ಮಿದುಳುಜ್ವರ ಯೂರೋಪಿನಲ್ಲೆಲ್ಲ ಹಬ್ಬಿತು. ಅದರಿಂದ ಬದುಕಿ ಉಳಿದವರಲ್ಲಿ ಅನೇಕರಿಗೆ ಪಾರ್ಕಿನ್ಸನ್ ರೋಗದಂತೆ ಅಂಗಾಂಗಗಳು ಬಿಗಿದು ಚಲನೆ ಕುಂದಿತು. 1923ರಲ್ಲಿ ಫ್ರಾನ್ಸಿನ ಸಿಕಾರ್ ಎಂಬ ವೈದ್ಯನು ಇಂತಹವರಲ್ಲಿಯೂ ಈ ಕೂರಲಾಗದ ಚಡಪಡಿಕೆಯನ್ನು ಕಂಡನು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೈಯೆತ್ತಲು, ಹೆಜ್ಜೆಯಿಡಲು ಕಷ್ಟಪಡುವ ರೋಗಿಗೆ, ಸುಮ್ಮನೆ ಕೂರುವುದೂ ಆಗದು! ಚಲನೆ ಕಡಿಮೆಯಾದವನಿಗೆ ಚಲಿಸಬೇಕೆಂಬ ತುಡಿತ ಹೆಚ್ಚಾಗುವುದು ಹೇಗೆ?

ಇದಕ್ಕೆ ಉತ್ತರ ಹುಡುಕಬೇಕಾದರೆ ಮಿದುಳು ಚಲನೆಯನ್ನು ಆಳುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆದುಕೊಳ್ಳಿ. ಕೆರೆಯ ನೀರು ಸದಾ ಹರಿಯಲು ಸಿದ್ಧವಾಗಿಯೇ ಇರುತ್ತದೆ; ಅದನ್ನು ತಡೆದಿರುವುದು ತೂಬು. ನೀರುಗಂಟಿಯು ನೀರನ್ನು ತಳ್ಳುವುದಿಲ್ಲ. ಯಾವ ಗದ್ದೆಗೆ ಸರದಿ ಬಂದಿದೆಯೋ ಅಲ್ಲಿಗೆ ಹೋಗುವ ದಾರಿಯನ್ನು ತೆರೆದು, ಉಳಿದುವನ್ನು ಮುಚ್ಚಿರುವುದು ಅವನ ಕೆಲಸ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯ ಎಂಬ ನರಕೋಶಗಳ ಗಂಟುಗಳಿವೆ. ಇವುಗಳ ಹೊರದ್ವಾರದಲ್ಲಿರುವ ಕೋಶಗಳು ಸೆಕೆಂಡಿಗೆ ಹಲವು ಹತ್ತು ಬಾರಿ ಮಿಡಿಯುತ್ತ, ಚಲನೆಯ ಆಜ್ಞೆ ಹೊರಡಬೇಕಾದ ಮಾರ್ಗವನ್ನು ಎಡೆಬಿಡದೆ ತಡೆದಿಟ್ಟಿರುತ್ತವೆ. ನಾವು ಸುಮ್ಮನೆ ಕುಳಿತಿರುವಾಗಲೂ ಮಿದುಳು ಸುಮ್ಮನಿರುವುದಿಲ್ಲ. ನಮ್ಮನ್ನು ಸುಮ್ಮನಿರಿಸುವ ಕೆಲಸವನ್ನು ಮಾಡುತ್ತಿರುತ್ತದೆ. ನಿಶ್ಚಲತೆ ಎಂದರೆ ಏನೂ ನಡೆಯದಿರುವುದೆಂದು ಭಾವಿಸಿದ ನಮ್ಮಂತಹವರಿಗೆ ಇದೊಂದು ಪಾಠ.

ಈ ಗಂಟುಗಳ ಮುಖ್ಯ ಭಾಗವಾದ ಸ್ಟ್ರಯೇಟಂನಲ್ಲಿ ಎರಡು ಬಗೆಯ ಕೋಶಗಳಿವೆ. ಒಂದು ಬಗೆಯವು ತೂಬನ್ನು ತೆರೆಸುವುವು, ಇನ್ನೊಂದು ಬಗೆಯವು ಮುಚ್ಚಿಸುವುವು. ಇವೆರಡರ ಮೇಲೂ ಡೋಪಮೀನ್ ಎಂಬ ರಾಸಾಯನಿಕದ ಅಧಿಕಾರ ನಡೆಯುತ್ತದೆ. ಡಿ-1 ಎಂಬ ಗ್ರಾಹಕಗಳ ಮೂಲಕ ಅದು ತೆರೆಸುವವರನ್ನು ಹುರಿದುಂಬಿಸುತ್ತದೆ; ಡಿ-2 ಎಂಬ ಗ್ರಾಹಕಗಳ ಮೂಲಕ ಮುಚ್ಚಿಸುವವರನ್ನು ಸುಮ್ಮನಾಗಿಸುತ್ತದೆ. ಎರಡು ದಾರಿಗಳಿಂದಲೂ ಫಲ ಒಂದೇ: ಚಲನೆ ಸುಲಭವಾಗುತ್ತದೆ. ಡೋಪಮೀನನ್ನು ಇಲ್ಲಿಗೆ ಕಳುಹಿಸುವ ಕೋಶಗಳು ಮಿದುಳಿನ ನಡುಭಾಗದಲ್ಲಿ ಕಪ್ಪು ಪಟ್ಟಿಯಂತೆ ಕಾಣುವ ಸಬ್‌ಸ್ಟಾನ್ಷಿಯ ನೈಗ್ರದಲ್ಲಿರುತ್ತವೆ. ಸುಮಾರು 8,600 ಕೋಟಿ ನರಕೋಶಗಳ ಮಿದುಳಿನಲ್ಲಿ ಈ ಕೋಶಗಳು ಕೆಲವು ಲಕ್ಷ ಮಾತ್ರ. ಪಾರ್ಕಿನ್ಸನ್ ರೋಗದಲ್ಲಿ ನಾಶವಾಗುವುದು ಇವೇ. ಆ ರೋಗಿಗಳ ಸ್ಟ್ರಯೇಟಂನಲ್ಲಿ ಡೋಪಮೀನ್ ಬರಿದಾಗಿರುವುದನ್ನು 1960ರಲ್ಲಿ ವಿಯೆನ್ನಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ತೋರಿಸಿಕೊಟ್ಟರು.

ಡೋಪಮೀನಿನ ಈ ಮಹಿಮೆ ತಿಳಿದುಬಂದುದರಲ್ಲಿ ನಮ್ಮ ಕಾಡಿನ ಒಂದು ಗಿಡದ ಪಾಲೂ ಉಂಟು. ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೆ ಕೊಡುವ ಪದ್ಧತಿ ಈ ದೇಶದಲ್ಲಿ ಹಳೆಯದು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಇದರ ಗುಣಗಳನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಈ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟನು. ಮೊಲಗಳು ಕಿವಿ ಜೋತುಬಿಟ್ಟು ಕಲ್ಲಿನಂತೆ ಕುಳಿತುವು. ದೇಹದಲ್ಲಿ ಡೋಪಮೀನಾಗಿ ಪರಿವರ್ತನೆ ಹೊಂದುವ ಡೋಪಾ ಎಂಬ ದ್ರವ್ಯವನ್ನು ಚುಚ್ಚಿದಾಗ, ಸ್ವಲ್ಪ ಹೊತ್ತಿನಲ್ಲಿಯೇ ಕಿವಿ ನಿಮಿರಿಸಿ ಓಡಾಡತೊಡಗಿದುವು. ಅಲ್ಲಿಯವರೆಗೆ ಬೇರೊಂದು ವಸ್ತುವನ್ನು ತಯಾರಿಸುವ ದಾರಿಯಲ್ಲಿ ಸಿಕ್ಕುವ ಕಚ್ಚಾವಸ್ತುವೆಂದಷ್ಟೇ ಎಣಿಸಲಾಗಿದ್ದ ಡೋಪಮೀನಿಗೆ ತನ್ನದೇ ಕಾರ್ಯವಿದೆಯೆಂಬುದು ಇಂತಹ ಪ್ರಯೋಗಗಳಿಂದ ಸ್ಥಿರಪಟ್ಟಿತು. ಕಾರ್ಲ್‌ಸನ್ನನಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇಷ್ಟನ್ನು ಒಪ್ಪಿದರೆ ಡೋಪಮೀನನ್ನು ತಡೆಯುವ ಯಾವ ಔಷಧವೂ ಮನುಷ್ಯನನ್ನು ಆ ಮೊಲಗಳಂತೆ ಸ್ತಬ್ಧಗೊಳಿಸಬೇಕು. 1952ರಲ್ಲಿ ಪ್ಯಾರಿಸಿನ ಡಿಲೇ ಮತ್ತು ಡೆನಿಕರ್ ಮನೋರೋಗಿಗಳಿಗೆ ಕೊಟ್ಟು ಪ್ರಸಿದ್ಧಿಗೆ ತಂದ ಕ್ಲೋರ್‌ಪ್ರೊಮಜೀನ್ ಅಂತಹ ಔಷಧ. ಅನಂತರ ಬಂದ ಹಾಲೊಪೆರಿಡಾಲ್ ಮೊದಲಾದುವೂ ಅಂತಹವೇ. ಇವು ಡಿ-2 ಗ್ರಾಹಕಗಳನ್ನು ಆಕ್ರಮಿಸಿ ಡೋಪಮೀನಿಗೆ ಸ್ಥಳವಿಲ್ಲದಂತೆ ಮಾಡುತ್ತವೆ. ಇವುಗಳಿಂದ ಲಕ್ಷಾಂತರ ಜನರು ಭ್ರಮೆಗಳಿಂದ ಬಿಡುಗಡೆ ಹೊಂದಿ ಮನೆಗೆ ಮರಳಿದ್ದಾರೆ. ಈ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆ. ಆದರೆ 1954ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ಸ್ಟೆಕ್ ಎಂಬ ವೈದ್ಯನು ಕ್ಲೋರ್‌ಪ್ರೊಮಜೀನ್ ಮತ್ತು ರಿಸರ್ಪಿನ್ ಸೇವಿಸಿದವರಲ್ಲಿ ಎರಡು ಬಗೆಯ ತೊಂದರೆಗಳನ್ನು ಗುರುತಿಸಿದ್ದನು. ಒಂದು, ನಿರೀಕ್ಷೆಯಂತೆ, ಅಂಗಗಳ ಬಿಗಿತ. ಇನ್ನೊಂದು, ನಿರೀಕ್ಷೆಗೆ ತೀರ ವಿರುದ್ಧವಾಗಿ, ಕೂರಲಾಗದ ಚಡಪಡಿಕೆ. ಕೆಲವೊಮ್ಮೆ ಎರಡೂ ಒಬ್ಬನಲ್ಲಿಯೇ: ಮುಖ ಮುಖವಾಡದಂತೆ ಭಾವಶೂನ್ಯ, ಪಾದಗಳಿಗೆ ಮಾತ್ರ ಬಿಡುವಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಒಗಟನ್ನು ಬಿಡಿಸುವ ಕೀಲಿ ಇಷ್ಟು: ಚಲನೆ ಬೇರೆ, ಚಲಿಸಬೇಕೆಂಬ ತುಡಿತ ಬೇರೆ. ಮಿದುಳಿನಲ್ಲಿ ಡೋಪಮೀನಿನ ಕಾಲುವೆ ಒಂದೇ ಅಲ್ಲ. ಸಬ್‌ಸ್ಟಾನ್ಷಿಯ ನೈಗ್ರದ ಪಕ್ಕದಲ್ಲಿಯೇ ಇರುವ ಇನ್ನೊಂದು ತಾಣದಿಂದ ಹೊರಡುವ ಕಾಲುವೆ ಮಿದುಳಿನ ಮುಂಭಾಗಕ್ಕೂ, ಬಯಕೆ ತೃಪ್ತಿಗಳಿಗೆ ಸಂಬಂಧಿಸಿದ ಭಾಗಗಳಿಗೂ ಹೋಗುತ್ತದೆ. ಫ್ರಾನ್ಸಿನ ಸಂಶೋಧಕರು 1970ರ ದಶಕದಲ್ಲಿ ಇಲಿಗಳಲ್ಲಿ ಈ ಎರಡನೆಯ ತಾಣವನ್ನು ನಾಶಮಾಡಿ ನೋಡಿದರು. ಇಲಿಗಳು ಸ್ತಬ್ಧವಾಗಲಿಲ್ಲ, ನಿಲ್ಲದೆ ಓಡಾಡಿದುವು. ಒಂದೇ ರಾಸಾಯನಿಕ, ಒಂದು ಕಾಲುವೆಯಲ್ಲಿ ಬತ್ತಿದರೆ ದೇಹ ನಿಲ್ಲುತ್ತದೆ, ಇನ್ನೊಂದರಲ್ಲಿ ಬತ್ತಿದರೆ ದೇಹ ನಿಲ್ಲಲೊಲ್ಲದು. ಔಷಧವಾದರೋ ಕಾಲುವೆ ನೋಡಿ ಕೆಲಸ ಮಾಡುವುದಿಲ್ಲ. ರಕ್ತದೊಡನೆ ಎಲ್ಲೆಡೆಗೂ ಹೋಗುತ್ತದೆ. ಗ್ರಾಹಕಗಳಲ್ಲಿ ನೂರಕ್ಕೆ ಸುಮಾರು 65ರಷ್ಟು ಆಕ್ರಮಿತವಾದಾಗ ಭ್ರಮೆಗಳು ತಗ್ಗುವುವು. 80ರ ಹತ್ತಿರ ಬಂದರೆ ಚಲನೆಯ ತೊಂದರೆಗಳು ಹೆಚ್ಚುವುವು. ಮಿದುಳಿನ ಚಿತ್ರಗಳನ್ನು ತೆಗೆದು ಕಂಡುಕೊಂಡ ಲೆಕ್ಕ ಇದು. ಗುಣಕ್ಕೂ ದೋಷಕ್ಕೂ ನಡುವೆ ಇರುವ ಹಾದಿ ಎಷ್ಟು ಕಿರಿದೆಂಬುದನ್ನು ಗಮನಿಸಿ.

ಡೋಪಮೀನ್ ಒಂದೇ ಇಲ್ಲಿನ ಅಪರಾಧಿಯೂ ಅಲ್ಲ. ಪ್ರೊಪ್ರನೊಲಾಲ್ ಎಂಬುದು 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಹೃದಯದ ನೋವಿಗಾಗಿ ರೂಪಿಸಿದ ಔಷಧ. ಅದು ತಡೆಯುವುದು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಕಾರ್ಯವನ್ನು. ಡೋಪಮೀನಿನ ಗೊಡವೆಗೆ ಹೋಗುವುದಿಲ್ಲ. ಹೀಗಿದ್ದೂ 1980ರ ದಶಕದಿಂದ ಅಕಥೀಸಿಯದ ಅನೇಕ ರೋಗಿಗಳಿಗೆ ಅದರಿಂದ ಉಪಶಮನವಾಗಿದೆ. ಎಂದ ಮೇಲೆ ಎಚ್ಚರ, ಗಾಬರಿಗಳನ್ನು ಎಬ್ಬಿಸುವ ನಾರ್‌ಅಡ್ರಿನಲಿನ್ ವ್ಯವಸ್ಥೆಯೂ ಈ ಸಂಕಟದಲ್ಲಿ ಭಾಗಿಯೆಂದು ಊಹಿಸುವುದು ಯುಕ್ತ. ಅಫೀಮು ಜಾತಿಯ ಮಾದಕಗಳನ್ನು ಬಿಟ್ಟವನ ಚಡಪಡಿಕೆಯಲ್ಲಿ ಈ ವ್ಯವಸ್ಥೆಯ ಪಾತ್ರ ಇನ್ನೂ ಸ್ಪಷ್ಟ. ಮಿದುಳುಕಾಂಡದಲ್ಲಿ ‘ನೀಲಿ ತಾಣ’ ಎಂಬ ಅರ್ಥದ ಹೆಸರುಳ್ಳ ಒಂದು ಚಿಕ್ಕ ಗುಂಪಿನ ಕೋಶಗಳೇ ನಾರ್‌ಅಡ್ರಿನಲಿನ್ನಿನ ಮುಖ್ಯ ಆಕರ. ಅಫೀಮು ಇವುಗಳನ್ನು ಬಹುಕಾಲ ಅದುಮಿಟ್ಟಿರುತ್ತದೆ. ಅದು ಹಠಾತ್ತಾಗಿ ನಿಂತಾಗ, ಒತ್ತಿಹಿಡಿದ ಸುರುಳಿಯಂತೆ ಇವು ಪುಟಿದೇಳುತ್ತವೆ. ಕಾಲುಗಳು ಒದೆದಾಡುತ್ತವೆ, ನಿದ್ದೆ ಸುಳಿಯುವುದಿಲ್ಲ. ಈ ತಾಣವನ್ನು ತಣಿಸುವ ಕ್ಲೊನಿಡೀನ್ ಔಷಧವನ್ನು 1978ರಲ್ಲಿ ಪ್ರಯೋಗಿಸಿದಾಗ ಸಂಕಟ ಇಳಿಯಿತು. ಚಟ ಬಿಡಲು ಹೊರಟವನ ಹೊರಳಾಟವನ್ನು "ನಾಟಕ" ಎಂದು ಹಂಗಿಸುವವರು ಇದನ್ನು ತಿಳಿದರೆ ಒಳ್ಳೆಯದು.

ಮದ್ದೂ ಇಲ್ಲದೆ, ಮಾದಕವೂ ಇಲ್ಲದೆ ಬರುವ ಕಾಲಿನ ಚಡಪಡಿಕೆಯೊಂದಿದೆ. ಇದು ನಮ್ಮ ಅನೇಕ ಮನೆಗಳಲ್ಲಿ ಹೆಸರಿಲ್ಲದೆ ವಾಸವಾಗಿರುವ ಅತಿಥಿ. ಸಂಜೆ ಕಳೆದು ಹಾಸಿಗೆಯ ಮೇಲೆ ಕಾಲು ಚಾಚಿದೊಡನೆ, ಮೀನಖಂಡದೊಳಗೆ ಇರುವೆ ಹರಿದಂತೆ, ಎಳೆದಂತೆ, ಹೇಳಲು ಬಾರದ ಒಂದು ಹಿಂಸೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಶಮನ. ಮಲಗಿದರೆ ಮತ್ತೆ ಶುರು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇದನ್ನು ಬರೆದಿಟ್ಟಿದ್ದನು. 1945ರಲ್ಲಿ ಸ್ವೀಡನ್ನಿನ ಎಕ್‌ಬೋಮ್ ವಿಸ್ತಾರವಾಗಿ ವರ್ಣಿಸಿ ‘ವಿಶ್ರಾಂತಿಯಿಲ್ಲದ ಕಾಲುಗಳು’ ಎಂದು ಕರೆದನು. ಸ್ವೀಡನ್ನಿನ ವೈದ್ಯರು ಬಲುಬೇಗ ಕಂಡುಕೊಂಡ ಮತ್ತೊಂದು ವಿಷಯವೆಂದರೆ, ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಿಗೆ ಇದು ಹೆಚ್ಚು. ಡೋಪಮೀನನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣವಿಲ್ಲದೆ ಕೆಲಸ ಸಾಗದು. ಈ ರೋಗವಿದ್ದವರ ಸಬ್‌ಸ್ಟಾನ್ಷಿಯ ನೈಗ್ರದಲ್ಲಿ ಕಬ್ಬಿಣ ಕಡಿಮೆಯಿರುವುದನ್ನು ಮರಣೋತ್ತರ ಪರೀಕ್ಷೆಗಳೂ ತೋರಿಸಿವೆ. ರಕ್ತದ ಹಿಮೋಗ್ಲೋಬಿನ್ ಸರಿಯಿದ್ದಾಗಲೂ ಮಿದುಳಿನಲ್ಲಿ ಕೊರತೆ ಇರಬಹುದು. ಆದುದರಿಂದ ತಿಳಿದ ವೈದ್ಯರು ಮೊದಲು ಫೆರಿಟಿನ್ ಎಂಬ ಕಬ್ಬಿಣದ ದಾಸ್ತಾನನ್ನು ಅಳೆಯಿಸುತ್ತಾರೆ. ಲೀಟರ್ ರಕ್ತದ್ರವಕ್ಕೆ 75 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುವುದನ್ನು ಯೋಚಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ದಿನವಿಡೀ ದುಡಿದ ತಾಯಿ ರಾತ್ರಿ "ಕಾಲು ಹಿಂಡುತ್ತದೆ" ಎಂದು ಎದ್ದು ಓಡಾಡಿದರೆ, ಅದನ್ನು ಬರಿಯ ಆಯಾಸವೆಂದು ತಳ್ಳಿಹಾಕುವ ಮನೆಗಳು ಎಷ್ಟಿವೆಯೋ!

ಡೋಪಮೀನಿನಂತೆ ವರ್ತಿಸುವ ಔಷಧಗಳೂ ಈ ಕಾಲುಗಳಿಗೆ ಶಾಂತಿ ಕೊಡುತ್ತವೆ. ಆದರೆ ವರ್ಷಗಳು ಕಳೆದಂತೆ ಎಷ್ಟೋ ರೋಗಿಗಳಲ್ಲಿ ರಾತ್ರಿಯ ಹಿಂಸೆ ಸಂಜೆಗೂ, ಸಂಜೆಯದು ಮಧ್ಯಾಹ್ನಕ್ಕೂ ಹಿಂಜರಗುತ್ತದೆ. ಕೆಲವರಿಗೆ ಹಿಂದೆಂದೂ ಇರದ ಜೂಜಿನ ಹುಚ್ಚು ಹತ್ತಿದುದೂ ಉಂಟು. ತುಡಿತದ ಕಾಲುವೆಗೆ ಮಿತಿಮೀರಿ ನೀರು ಬಿಟ್ಟುದರ ಫಲವೆನ್ನೋಣ.

ಈಗ ನಮ್ಮ ತಕರಾರಿಗೆ ಬರೋಣ. ಅಳೆಯಲು ಬಾರದುದನ್ನು ನಂಬಬೇಡ ಎಂಬುದು ನಮ್ಮ ಶಾಸ್ತ್ರದಲ್ಲಿ ಮೊದಲು ಕಲಿಸುವ ಪಾಠ. ಕಾಲಿಗೆ ಒಂದು ಸಣ್ಣ ಉಪಕರಣವನ್ನು ಕಟ್ಟಿ ಗಂಟೆಗೆ ಎಷ್ಟು ಬಾರಿ ಅಲುಗಿತೆಂದು ಲೆಕ್ಕಹಾಕುವುದು ಇಂದು ಮಕ್ಕಳಾಟ. ಆದರೆ ಆ ಲೆಕ್ಕದಿಂದ ಅಕಥೀಸಿಯವನ್ನು ಗುರುತಿಸಲಾಗದು. ಪರೀಕ್ಷೆಯ ಕೊಠಡಿಯಲ್ಲಿ ಮೊಣಕಾಲು ಕುಣಿಸುತ್ತ ಉತ್ತರ ಬರೆಯುವ ಆರೋಗ್ಯವಂತ ಹುಡುಗನ ಕಾಲು ಹೆಚ್ಚು ಅಲುಗೀತು. ಪಕ್ಕದಲ್ಲಿ ಹಲ್ಲುಕಚ್ಚಿ ಕುಳಿತ ರೋಗಿಯದು ಕಡಿಮೆ ಅಲುಗೀತು. ಭೇದವಿರುವುದು ಒಳಗೆ. ಕೊರಿಯ ರೋಗದಲ್ಲಿ ಅಂಗಗಳು ತಾವಾಗಿಯೇ ಕುಣಿಯುತ್ತವೆ, ರೋಗಿ ಕುಣಿಸುವುದಿಲ್ಲ. ಅಕಥೀಸಿಯದ ರೋಗಿಯಾದರೋ ತಾನೇ ನಡೆಯುತ್ತಾನೆ, ಏಕೆಂದರೆ ನಡೆಯದಿದ್ದರೆ ಒಳಗಿನ ಹಿಂಸೆ ಸಹಿಸಲಾಗದು. ಈ ಭೇದವನ್ನು ಯಾವ ಉಪಕರಣವೂ ಹೇಳದು. ಕೇಳಿದರೆ ರೋಗಿ ಹೇಳುತ್ತಾನೆ. 1989ರಲ್ಲಿ ಬಾರ್ನ್ಸ್ ಎಂಬ ವೈದ್ಯನು ರೂಪಿಸಿದ, ಈಗಲೂ ಬಳಕೆಯಲ್ಲಿರುವ ಅಳತೆಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಚಲನೆಗೆ ಒಂದು ಅಂಕವಾದರೆ, ರೋಗಿಗೆ ಒಳಗೆ ಅನಿಸುವುದಕ್ಕೂ ಅದರಿಂದಾಗುವ ಸಂಕಟಕ್ಕೂ ಬೇರೆ ಬೇರೆ ಅಂಕಗಳಿವೆ. ವಿಶ್ರಾಂತಿಯಿಲ್ಲದ ಕಾಲುಗಳ ನಿದಾನವಂತೂ ಪೂರ್ತಿಯಾಗಿ ರೋಗಿಯ ಮಾತಿನ ಮೇಲೆಯೇ ನಿಂತಿದೆ. ಇಲ್ಲಿ ರೋಗಿಯ ಮಾತು ವಿಜ್ಞಾನಕ್ಕೆ ಹೊರಗಿನ ಗೊಣಗಾಟವಲ್ಲ, ಅದೇ ಮಾಪನ. ಮನೋರೋಗಿಯ ಮಾತೆಂಬ ಕಾರಣಕ್ಕೆ ಅದನ್ನು ಬದಿಗಿಡುವುದು ಉಷ್ಣಮಾಪಕವನ್ನು ಒಡೆದು ಜ್ವರವಿಲ್ಲವೆಂದಂತೆ.

ಹಾಗೆ ಬದಿಗಿಟ್ಟುದರ ಬೆಲೆಯನ್ನು ಅಮೆರಿಕದ ವಾನ್ ಪಟನ್ 1970ರ ದಶಕದಲ್ಲಿ ಎತ್ತಿ ತೋರಿಸಿದನು. ರೋಗಿಗಳು ಮಾತ್ರೆಯನ್ನು ನಿರಾಕರಿಸುವುದಕ್ಕೆ ಅಕಥೀಸಿಯ ಒಂದು ದೊಡ್ಡ ಕಾರಣವೆಂದೂ, ಅದನ್ನು ರೋಗದ ಉಲ್ಬಣವೆಂದು ಭ್ರಮಿಸುವುದು ಸುಲಭವೆಂದೂ ಆತನು ಬರೆದನು. ಭ್ರಮಿಸಿದವನು ಪ್ರಮಾಣ ಏರಿಸುತ್ತಾನೆ. ಬೆಂಕಿ ಆರಿಸಲು ಎಣ್ಣೆ ಸುರಿದಂತಾಗುತ್ತದೆ. ಇದು ಮನೋರೋಗಿಗಳಿಗಷ್ಟೇ ಮೀಸಲಾದ ಅಪಾಯವೂ ಅಲ್ಲ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಡಿ-2 ಗ್ರಾಹಕಗಳನ್ನೇ ತಡೆಯುತ್ತದೆ. ರಕ್ತನಾಳಕ್ಕೆ ಅದನ್ನು ಅವಸರದಲ್ಲಿ ಚುಚ್ಚಿದಾಗ, ಕೆಲವರು ನಿಮಿಷಗಳೊಳಗೆ ಹಾಸಿಗೆಯಿಂದೆದ್ದು ಹೊರಗೆ ಹೋಗಬೇಕೆಂದು ಹಟಹಿಡಿಯುವುದುಂಟು. ನಿಧಾನವಾಗಿ ಹರಿಸಿದರೆ ಈ ಬಾಧೆ ಬಹಳಮಟ್ಟಿಗೆ ತಪ್ಪುತ್ತದೆ. ಹೆಚ್ಚು ಖರ್ಚಿಲ್ಲದ ಉಪಾಯ; ಬೇಕಾದುದು ಹದಿನೈದು ನಿಮಿಷದ ತಾಳ್ಮೆ.

ತರುಣ ವಾಚಕರಿಗೆ ಎರಡು ಮಾತು. ಕಾಲು ಕುಣಿಸುವವರೆಲ್ಲರೂ ರೋಗಿಗಳಲ್ಲ. ಈ ಲೇಖನವನ್ನೋದಿ ಬೆಂಚಿನ ಗೆಳೆಯನಿಗೆ ರೋಗದ ಹೆಸರನ್ನು ಕಟ್ಟಬೇಡಿ. ಮನೆಯಲ್ಲಿ ಯಾರಾದರೂ ಇಂತಹ ಮಾತ್ರೆ ಸೇವಿಸುತ್ತಿದ್ದು ಕೂರಲಾರದೆ ಒದ್ದಾಡುತ್ತಿದ್ದರೆ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬೇಡಿ. ಹಠಾತ್ತಾಗಿ ನಿಲ್ಲಿಸುವುದರಲ್ಲಿ ಬೇರೆ ಅಪಾಯಗಳಿವೆ. ಅವರಾಡಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಂಡು ವೈದ್ಯರಿಗೆ ಒಪ್ಪಿಸಿ, ಬೇಗನೆ. ನಾವು ಮಾಡಿದಂತೆ "ರೋಗ ಹೆಚ್ಚಾಗಿದೆ" ಎಂಬ ನಿಮ್ಮ ತೀರ್ಪನ್ನು ಒಯ್ಯಬೇಡಿ.

ಸೋದರಮಾವನವರನ್ನು ಮೂರನೆಯ ಬಾರಿ ಕರೆದೊಯ್ದಾಗ ಹಿಂದಿನ ವೈದ್ಯರು ರಜೆಯಲ್ಲಿದ್ದರು. ಅವರ ಸ್ಥಾನದಲ್ಲಿದ್ದವರು ಆಗತಾನೆ ಓದು ಮುಗಿಸಿ ಬಂದ ತರುಣಿ. ನಾವು ವರದಿ ಆರಂಭಿಸಿದೆವು. ಆಕೆ ಕೈಯೆತ್ತಿ ತಡೆದರು. ಬಾಗಿಲ ಬಳಿ ಭಾರ ಬದಲಿಸುತ್ತ ನಿಂತಿದ್ದ ಮಾವನವರ ಕಡೆಗೆ ತಿರುಗಿ, "ಯಜಮಾನರೇ, ನಿಮಗೆ ನಡೆಯಬೇಕೆಂದು ಆಸೆಯೋ, ಇಲ್ಲ ಕೂರಲು ಆಗುವುದಿಲ್ಲವೋ?" ಎಂದು ಕೇಳಿದರು. ಮಾವನವರು ಸ್ವಲ್ಪ ಹೊತ್ತು ಆಕೆಯನ್ನೇ ನೋಡಿದರು. "ಕೂರಬೇಕು ಅಂತಲೇ ಆಸೆ ತಾಯಿ" ಎಂದರು.

ಆಕೆ ಮಾತ್ರೆಯ ಪ್ರಮಾಣವನ್ನು ಇಳಿಸಿ ಪ್ರೊಪ್ರನೊಲಾಲ್ ಸೇರಿಸಿದರು. ಧ್ವನಿಗಳು ಮರಳಲಿಲ್ಲ. ಹದಿನೈದು ದಿನಗಳ ಮೇಲೆ ಒಂದು ಬೆಳಗ್ಗೆ ಮಾವನವರು ಜಗಲಿಗೆ ಹೋಗಿ ಕುಳಿತು ಪತ್ರಿಕೆ ತೆರೆದರು. ಅತ್ತೆ ಎರಡು ಸಲ ಕಾಫಿಗೆ ಕರೆದರು, ಏಳಲಿಲ್ಲ. ಅಂದು ಅವರು ಜಾಹೀರಾತುಗಳನ್ನೂ ಬಿಡದೆ ಓದಿದರು.